ಏಕಾಂಬರಂ ಉಳಿಸಿಕೊಂಡ ರೀಲು

ಈಗ ಯಾರ ಫೋನಿನಲ್ಲಿ ನೋಡಿದರೂ ಹಳೆಯ ಸಿನಿಮಾ. ಟಿಕೆಟ್ಟಿಲ್ಲ, ಕ್ಯೂ ಇಲ್ಲ, ಬೆರಳು ಒತ್ತಿದರೆ ಅರವತ್ತು ವರ್ಷದ ಹಿಂದಿನ ನಾಯಕಿ ಬಂದು ನಗುತ್ತಾಳೆ. 'ಎಂಥೆಂಥ ಸಿನಿಮಾ ತಾತ, ಎಲ್ಲ ಪುಕ್ಕಟೆ' ಎಂದು ನಮ್ಮ ಕೋಡಂಬಾಕ್ಕಂ ಬೀದಿಯವರು ನನಗೇ ತೋರಿಸಲು ಬರುತ್ತಾರೆ. ನನಗೆ ಮೈಯೆಲ್ಲ ಉರಿಯುತ್ತದೆ. ಇವರು ನೋಡುತ್ತಿರುವುದು ಉಳಿದದ್ದನ್ನು. ಉಳಿಯದೆ ಹೋದದ್ದನ್ನು ತೊಳೆದವರು ನಾನು ಮತ್ತು ನನ್ನ ಜೊತೆ ಕೆಲಸ ಮಾಡುತ್ತಿದ್ದ ಗೆಳೆಯ ಏಕಾಂಬರಂ.

ತೊಳೆದದ್ದು ಎಂದರೆ ನಿಜವಾಗಿಯೂ ತೊಳೆದದ್ದೇ. ಓಡಿ ಓಡಿ ಸವೆದ ಕಪ್ಪುಬಿಳುಪು ಪ್ರಿಂಟುಗಳನ್ನು ವಿತರಕರು ನಮ್ಮ ಯಜಮಾನನ ಗೋಡೌನಿಗೆ ತೂಕಕ್ಕೆ ಹಾಕುತ್ತಿದ್ದರು. ಸುರುಳಿ ಬಿಚ್ಚಿ ಕುದಿಯುವ ಕಾಸ್ಟಿಕ್ ನೀರಿನ ತೊಟ್ಟಿಯಲ್ಲಿ ಅದ್ದಿದರೆ ಚಿತ್ರವೆಲ್ಲ ಕರಗಿ ತಳದಲ್ಲಿ ಕೆಸರಾಗಿ ಕೂರುತ್ತಿತ್ತು. ಆ ಕೆಸರಿನಲ್ಲಿ ಬೆಳ್ಳಿ. ಮಿಕ್ಕ ಬರಿಯ ಪಟ್ಟಿ ಬಳೆ ಮಾಡುವವರಿಗೆ. ಯಾರ ಮುಖ ಕರಗುತ್ತಿದೆ ಎಂದು ನಾವು ನೋಡುತ್ತಿರಲಿಲ್ಲ. ನೋಡುತ್ತ ಕೂತರೆ ಕೆಲಸ ಸಾಗುತ್ತಿರಲಿಲ್ಲ.

ಏಕಾಂಬರಂ ಹೆಂಡತಿ ಅಂಜಲೈ ಸ್ಟುಡಿಯೋಗಳಲ್ಲಿ ಗುಂಪು ನೃತ್ಯಕ್ಕೆ ಹೋಗುತ್ತಿದ್ದಳು. ಮಗಳು ತವಮಣಿಗೆ ಎಂಟು ತಿಂಗಳಾಗಿದ್ದಾಗ ಕಾಮಾಲೆ ಬಂದು ಹೋಗಿಬಿಟ್ಟಳು. ಮನೆಯಲ್ಲಿ ಅವಳದೊಂದು ಫೋಟೋ ಇಲ್ಲ. ಇದ್ದ ಎರಡನ್ನೂ ನೃತ್ಯಕ್ಕೆ ಜನ ಒದಗಿಸುವ ಏಜೆಂಟ್, ಸಿನಿಮಾ ಕಂಪೆನಿಗಳಿಗೆ ತೋರಿಸಲೆಂದು ಇಸಕೊಂಡಿದ್ದ. ವಾಪಸು ಕೇಳಲು ಹೋದರೆ, "ಯಾವ ಅಂಜಲೈನಯ್ಯ? ನನ್ನ ಹತ್ರ ಒಂಬತ್ತು ಜನ ಅಂಜಲೈಗಳಿದಾರೆ" ಅಂದ. ಆ ಮನುಷ್ಯನ ಮೇಲಿನ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ.

ಅವಳ ಮುಖ ಸರಿಯಾಗಿ ಕಂಡದ್ದು ಒಂದೇ ಸಿನಿಮಾದಲ್ಲಿ. ಅರಮನೆಯ ಹಾಡು, ದೀಪ ಹಿಡಿದ ಹನ್ನೊಂದು ಹೆಣ್ಣುಗಳು, ಎಡದಿಂದ ಮೂರನೆಯವಳು. ಕ್ಯಾಮೆರಾ ಕಡೆ ನೋಡಬೇಡ ಎಂದಿದ್ದರೂ ಒಂದು ಸಲ ನೋಡಿ ನಕ್ಕಿದ್ದಳು. ಅವಳು ಸತ್ತ ಆರು ವರ್ಷಕ್ಕೆ ಆ ಸಿನಿಮಾದ ಮೂರು ಪ್ರಿಂಟುಗಳು ನಮ್ಮ ತೊಟ್ಟಿಗೇ ಬಂದವು.

ಯಜಮಾನ ಎದುರಿಗೇ ನಿಂತಿದ್ದ. ಎರಡನ್ನು ನಾವೇ ತೊಳೆದೆವು. ಸಂಜೆ ಯಜಮಾನ ಹೊರಟ ಮೇಲೆ ಏಕಾಂಬರಂ ಮೂರನೆಯದರ ಎಂಟನೇ ಡಬ್ಬಿಯಿಂದ ಹಾಡಿನ ರೀಲು ತೆಗೆದು, ತೂಕ ಸರಿಹೋಗಲಿ ಎಂದು ಯಾವುದೋ ಪ್ರವಾಹದ ವಾರ್ತಾಚಿತ್ರ ತುರುಕಿದ.

"ಸಿಕ್ಕಿಬಿದ್ರೆ ಕೆಲಸ ಹೋಗ್ತದೆ ಕಣೋ" ಅಂದೆ.

"ನಾಳೆ ಎಲ್ಲ ಕೆಸರಾಗೋದು ತಾನೆ. ಒಂದನ್ನಾದ್ರೂ ನಾನು ಉಳಿಸ್ತೀನಿ" ಅಂದ.

ಗೇಟಿನ ಹತ್ತಿರ ಕಾವಲಿಗೆ ನಿಂತವನು ನಾನೇ. ಉಳಿದ ಡಬ್ಬಿಗಳನ್ನು ಮರುದಿನ ಬೇರೆ ಪಾಳಿಯವರು ತೊಳೆದಿರಬೇಕು ಅಂದುಕೊಂಡೆವು. ಯಾರನ್ನೂ ಕೇಳಲಿಲ್ಲ.

ರೀಲನ್ನು ಅವಳ ಸೀರೆಯಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟ. ಕದ್ದ ಮಾಲು, ಬಾಯಿ ಬಿಡುವಂತಿರಲಿಲ್ಲ. ತವಮಣಿಯ ಮದುವೆಗೆ ಪ್ರೊಜೆಕ್ಟರ್ ಬಾಡಿಗೆಗೆ ತಂದು, ಬಿಳಿ ಪಂಚೆ ಕಟ್ಟಿ ಅಮ್ಮನನ್ನು ತೋರಿಸಿಬಿಡುತ್ತೇನೆ ಎನ್ನುತ್ತಿದ್ದ. ಮದುವೆಗೆ ವಾರವಿದ್ದಾಗ ಟ್ರಂಕು ತೆಗೆದೆವು. ಹುಳಿ ವಾಸನೆ ಮೂಗಿಗೆ ಹೊಡೆಯಿತು. ತಗಡಿನ ಮಾಡಿನ ಕಾವಿಗೆ ರೀಲು ಬೆಲ್ಲದ ಅಚ್ಚಿನಂತೆ ಅಂಟಿಕೊಂಡು ಒಂದೇ ಮುದ್ದೆಯಾಗಿತ್ತು. ಉಗುರಿನಿಂದ ಬಿಡಿಸಲು ಹೋದರೆ ಪುಡಿಪುಡಿ. ಇಬ್ಬರೂ ಹೋಗಿ ಕೂವಂ ಹೊಳೆಗೆ ಹಾಕಿ ಬಂದೆವು. ಮಗಳಿಗೆ ಏನನ್ನೂ ಹೇಳಲಿಲ್ಲ.

ಅಪ್ಪನ ಬಾಯಲ್ಲಿ ಕೇಳಿದ್ದ ಆ ಸಿನಿಮಾದ ಹೆಸರನ್ನು ತವಮಣಿ ಮಾತ್ರ ಮರೆಯಲಿಲ್ಲ. ರವಿಕೆ ಹೊಲಿಯುತ್ತ ಫೋನಿನಲ್ಲಿ ಹುಡುಕುತ್ತಲೇ ಇದ್ದಳು. ಹೋದ ಭಾನುವಾರ ಮಧ್ಯಾಹ್ನ ಹೊಲಿಗೆ ಬಿಟ್ಟು ನಾವಿಬ್ಬರು ಕೂತಿದ್ದಲ್ಲಿಗೆ ಓಡಿಬಂದಳು. ಐವತ್ತು ದಾಟಿದ ಹೆಂಗಸು, ಕೊರಳಲ್ಲಿ ಅಳತೆಯ ಟೇಪು ಹಾಗೇ ನೇತಾಡುತ್ತಿತ್ತು.

"ಅಪ್ಪ, ಸಿಕ್ತು. ಯಾರೋ ಪುಣ್ಯಾತ್ಮರು ಹಾಕಿದಾರೆ. ಮಾಮ, ನೀವೂ ಬನ್ನಿ."

ಏಕಾಂಬರಂ ನನ್ನ ಕಿವಿಯಲ್ಲಿ, "ಸಿಂಗಪುರಕ್ಕೂ ಒಂದು ಪ್ರಿಂಟು ಹೋಗಿತ್ತಲ್ವಾ. ಅದೇ ಇರ್ಬೇಕು" ಅಂದ. ನಾನು ಹೂಂ ಅಂದೆ.

ಮೂವರೂ ಕೂತು ನೋಡಿದೆವು. ರಾಜ ಬೇಟೆಗೆ ಹೋದ, ಮಂತ್ರಿ ಸಂಚು ಹೂಡಿದ. ಏಕಾಂಬರಂ ಮಂಜುಗಣ್ಣನ್ನು ಪರದೆಗೆ ಅಂಟಿಸಿಕೊಂಡು, "ಈಗ ಬರ್ತಾಳೆ, ಎಡಗಡೆ ನೋಡ್ತಿರು" ಅಂದ. ರಾಣಿ ಅರಮನೆಯ ಮೆಟ್ಟಿಲು ಹತ್ತಿದಳು. ಪರದೆ ಕಪ್ಪಾಯಿತು. ಬಿಳಿ ಅಕ್ಷರ ಮೂಡಿದವು. ತವಮಣಿ ಗಟ್ಟಿಯಾಗಿ ಓದಿದಳು:

"ಈ ಪ್ರಿಂಟನ್ನು ಕೋಡಂಬಾಕ್ಕಂನ ಗೋಡೌನಿನಿಂದ ಟೂರಿಂಗ್ ಟಾಕೀಸಿನವರೊಬ್ಬರು ಕೊಂಡಿದ್ದರು. ಜಗತ್ತಿನಲ್ಲಿ ಉಳಿದಿರುವುದು ಇದೊಂದೇ. ಹದಿಮೂರು ಡಬ್ಬಿಗಳಿದ್ದವು, ಎಂಟನೇ ಡಬ್ಬಿಯಲ್ಲಿ ಪ್ರವಾಹದ ವಾರ್ತಾಚಿತ್ರ ಸಿಕ್ಕಿತು. ಹಾಡು ಲಭ್ಯವಿಲ್ಲ, ಕ್ಷಮಿಸಿ."

ಆಮೇಲೆ ರಾಣಿ ಸೆರೆಮನೆಯಲ್ಲಿದ್ದಳು. ಕತೆ ಮುಂದೆ ಹೋಯಿತು, ನೋಡುವವರಿರಲಿಲ್ಲ. ತವಮಣಿ ಸಿನಿಮಾ ನಿಲ್ಲಿಸಿ ಫೋನನ್ನು ಮಡಿಲಿಗೆ ಹಾಕಿಕೊಂಡಳು. ಅಳಲಿಲ್ಲ.

"ಹದಿಮೂರರಲ್ಲಿ ಹನ್ನೆರಡು ಇವೆ. ನಮ್ಮಮ್ಮ ಇದ್ದಿದ್ದೇ ಬೇಕಾಗಿತ್ತಾ ಆ ಪಾಪಿಗೆ?"

ಕೆಳಗೆ ಜನ ತಮಗೆ ತೋಚಿದ್ದು ಬರೆಯುವ ಜಾಗವಿತ್ತು. ಒಂದೊಂದೇ ಅಕ್ಷರ ಒತ್ತಿ ಬರೆದಳು. ಬರೆದಾದ ಮೇಲೆ, ಚಿಕ್ಕಂದಿನಲ್ಲಿ ಸ್ಲೇಟು ತೋರಿಸುತ್ತಿದ್ದ ಹಾಗೆ, ಅಪ್ಪನಿಗೆ ಓದಿ ಹೇಳಿದಳು.

"ಆ ಹಾಡಲ್ಲಿ ನಮ್ಮಮ್ಮ ಇದ್ಲು. ನಾನು ಅವಳ ಮುಖ ನೋಡಿಲ್ಲ. ಆ ಡಬ್ಬಿ ಕದ್ದವನಿಗೆ ಸಾಯೋವಾಗ ಅವನ ಮಕ್ಕಳ ಮುಖ ಕಾಣದೆ ಹೋಗ್ಲಿ. ಸರಿಯಾಗಿದ್ಯಾ ಅಪ್ಪ?"

ನಾನು ಬಾಯಿ ತೆರೆದೆ. ಏಕಾಂಬರಂ ನನ್ನ ಮೊಣಕಾಲನ್ನು ಗಟ್ಟಿಯಾಗಿ ಹಿಡಿದುಕೊಂಡ.

"ಸರಿಯಾಗಿದೆ ಕಣಮ್ಮ" ಅಂದ. "ಹಾಕು."

ಅವಳು ಹಾಕಿದಳು.