ಹಾಳೆಯ ಮೇಲೆ ಮೊದಲು ಬಿದ್ದ ಬಿರುಕು

ಶಕುನ, ಕಣಿ, ಮೈಮೇಲೆ ಬರುವುದು, ಇಂಥ ಮಾತು ಶುರುವಾದರೆ ಕುಳಿತಲ್ಲಿಂದ ಎದ್ದು ಹೋಗುವವಳು ನಾನು. ಹಲ್ಲಿ ಲೊಚಗುಟ್ಟಿತೆಂದು ಮನೆಯವರು ಪ್ರಯಾಣ ಮುಂದೂಡಿದಾಗ ಅಣಕಿಸಿ ನಕ್ಕವಳೂ ನಾನೇ. ಹಾಗಾಗಿ ಈಗ ಹೇಳುವುದನ್ನು ನೀವು ನಂಬಲೇಬೇಕೆಂದು ಹಟ ಹಿಡಿಯುವುದಿಲ್ಲ. ನನಗೇ ಪೂರ್ತಿ ನಂಬಿಕೆ ಬಂದಿಲ್ಲ. ಬಂದದ್ದು ಸಿಟ್ಟು, ಅದು ಇಷ್ಟು ವರ್ಷವಾದರೂ ಇಳಿದಿಲ್ಲ.

ಆಗ ತುಮಕೂರಿನಲ್ಲಿ ಗುಮಾಸ್ತೆಯಾಗಿದ್ದೆ. ಭಾನುವಾರಗಳನ್ನು ಒಂದು ಸಣ್ಣ ಇತಿಹಾಸ ಬಳಗಕ್ಕೆ ಕೊಟ್ಟುಬಿಟ್ಟಿದ್ದೆ. ಬಟವಾಡಿಯಲ್ಲಿ ಪುಣ್ಯಾತ್ಮರೊಬ್ಬರು ಬಿಟ್ಟುಕೊಟ್ಟ ಶೀಟಿನ ಷೆಡ್ಡೇ ನಮ್ಮ ಕಚೇರಿ, ಅದೇ ಸಂಗ್ರಹಾಲಯ. ಹೊಲದ ಬದುವಿನಲ್ಲೋ ಕೊಟ್ಟಿಗೆ ಪಕ್ಕದಲ್ಲೋ ಅನಾಥವಾಗಿ ನಿಂತ ವೀರಗಲ್ಲುಗಳನ್ನು ಹುಡುಕಿ ಅಚ್ಚು ತೆಗೆಯುವುದು, ಊರಿನವರು ಒಪ್ಪಿದರೆ ಕಲ್ಲನ್ನು ಷೆಡ್ಡಿಗೆ ತರುವುದು ನಮ್ಮ ಕೆಲಸ. ಕಲ್ಲು ತೊಳೆದು, ಒದ್ದೆ ಹಾಳೆ ಅಂಟಿಸಿ, ಬ್ರಷ್ಷಿನಿಂದ ಬಡಿದು ಕೂರಿಸಿ, ಮೇಲೆ ಮಸಿ ಒತ್ತಿದರೆ ಉಬ್ಬಿದ್ದೆಲ್ಲ ಕಪ್ಪು, ತಗ್ಗಿದ್ದೆಲ್ಲ ಬಿಳಿ. ಇದರಲ್ಲಿ ನನಗೆ ಜೊತೆ ಪ್ರಿಂಟಿಂಗ್ ಪ್ರೆಸ್ಸಿನ ಶಿವಣ್ಣ. ಬಳಗದ ಅಧ್ಯಕ್ಷರು ಗುಬ್ಬಿ ಕಡೆಯ ತೆಂಗಿನ ತೋಟದ ಯಜಮಾನರು, ಭಾಷಣದಲ್ಲಿ ಎತ್ತಿದ ಕೈ.

ಎರಡು ಸಾವಿರದ ಇಸವಿ ದಾಟಿದ ಹೊಸತು. ಹೆಬ್ಬೂರು ದಾಟಿ ಕುಣಿಗಲ್ ಕಡೆಗೆ ಹೋದರೆ ರಸ್ತೆಯಂಚಿನ ಒಂದು ಹಳ್ಳಿಯಲ್ಲಿ, ಕೆಂಪಮ್ಮ ಎಂಬಾಕೆಯ ಹಟ್ಟಿಯ ಎದುರು ಎದೆಯೆತ್ತರದ ವೀರಗಲ್ಲಿತ್ತು. ಕತ್ತಿ ಹಿಡಿದ ವೀರ, ಅವನ ತಲೆಯ ಮೇಲೆ ನಾಲ್ಕೈದು ಸಾಲು ಅಕ್ಷರ. ಬಟ್ಟಬಯಲಿನ ಬಿಸಿಲಿನಲ್ಲಿ, ಹಗಲು ಹೊತ್ತಿನಲ್ಲಿ ಅಚ್ಚು ತೆಗೆದೆವು. ಕತ್ತಲೆಯಲ್ಲಿ ಕಂಡದ್ದೆಂದು ತಳ್ಳಿಹಾಕಲು ನನಗೆ ಆ ಅನುಕೂಲವೂ ಇಲ್ಲ.

ಹಾಳೆ ಬಿಡಿಸಿ ನೋಡಿದರೆ ವೀರನ ಬಲ ಭುಜದಿಂದ ಎಡ ಮಂಡಿಗೆ ಒಂದು ಬಿಳಿ ಗೆರೆ ಇಳಿದಿತ್ತು. ಕತ್ತಿಯ ಹಿಡಿಯ ಹತ್ತಿರ ಕುಡುಗೋಲಿನಂತೆ ಬಾಗಿ ಮತ್ತೆ ಕೆಳಗೆ ಹೋಗಿತ್ತು.

"ಪೇಪರ್ ಮಡಿಕೆ ಬಿದ್ದೈತೆ ಮೇಡಂ, ಇನ್ನೊಂದ್ ಶೀಟ್ ಹಾಕಾಣ ತಗಳಿ" ಅಂದ ಶಿವಣ್ಣ. ಹೊಸ ಹಾಳೆ ಹಾಕಿದೆವು. ಅದೇ ಗೆರೆ, ಅದೇ ಬಾಗು. ಹಾಗಾದರೆ ಕಲ್ಲೇ ಬಿರುಕು ಬಿಟ್ಟಿರಬೇಕು ಎಂದೆ.

ಕೆಂಪಮ್ಮ ಕಲ್ಲಿನ ಮೇಲೆ ಅಂಗೈ ಆಡಿಸಿ ನೋಡಿದಳು. "ಎಲ್ಲವ್ವಾ ಬಿರುಕು? ಮದ್ವೆಯಾಗಿ ಬಂದಾಗ್ಲಿಂದ ಇದಕ್ಕೆ ಅರಿಶಿನ ಹಚ್ತಾ ಇವ್ನಿ, ಒಂದ್ ಗೀರೂ ಇಲ್ಲ ಕಣವ್ವ." ನಾನು ಒಂದು ಬಿಂದಿಗೆ ನೀರು ಸುರಿದೆ. ಬಿರುಕಿದ್ದರೆ ಅಲ್ಲಿ ನೀರು ಹಿಡಿದುಕೊಂಡು ತಡವಾಗಿ ಆರುತ್ತದೆ. ಕಲ್ಲು ಒಂದೇ ಸಮ ಆರಿತು.

ಹೊರಡುವಾಗ ಕೆಂಪಮ್ಮ ನನ್ನ ಕೈ ಹಿಡಿದುಕೊಂಡಳು. "ರಸ್ತೆ ಅಗಲ ಮಾಡಕ್ಕೆ ಜೆಸಿಬಿ ಬತ್ತದಂತೆ. ಜಲ್ದಿ ತಗೊಂಡೋಗವ್ವ. ನಿಮ್ ಷೆಡ್ನಾಗೆ ನೆಳ್ಳಲ್ಲಾದ್ರೂ ಇರ್ಲಿ."

ಅದರ ಮುಂದಿನ ಸಭೆಯಲ್ಲಿ ಅಚ್ಚನ್ನು ಮೇಜಿನ ಮೇಲೆ ಹರಡಿ ಒಂದು ಟ್ರಾಕ್ಟರು, ನಾಲ್ಕು ಆಳು ಕೇಳಿದೆ. ಅಧ್ಯಕ್ಷರ ಮನೆಯಲ್ಲೇ ಟ್ರಾಕ್ಟರಿತ್ತು. ಅವರು ಹಾಳೆಯ ಮೇಲೆ ಕಣ್ಣು ಹಾಯಿಸಲೂ ಇಲ್ಲ. "ವಾರ್ಷಿಕೋತ್ಸವ ಒಂದು ಮುಗೀಲಿ ತಾಯಿ. ಇಷ್ಟು ಕಾಲ ನಿಂತಿರೋ ಕಲ್ಲು ಎಲ್ಲಿಗ್ ಓಡೋಗತ್ತೆ?" ಎಲ್ಲರೂ ನಕ್ಕರು. ಮಿಕ್ಕ ಸಭೆಯೆಲ್ಲ ಆಹ್ವಾನ ಪತ್ರಿಕೆಯಲ್ಲಿ ಯಾರ ಹೆಸರು ಮೇಲೆ, ಶಾಲು ಯಾವ ಬಣ್ಣದ್ದು ಅನ್ನುವುದರಲ್ಲೇ ಮುಗಿಯಿತು. ನಾನೇ ಬಾಡಿಗೆ ಗಾಡಿ ಗೊತ್ತುಮಾಡಿದೆ. ಬಳಗದ ಪತ್ರವಿಲ್ಲದೆ ಕಲ್ಲು ಕೊಡಲಾಗದು ಎಂದರು ಪಂಚಾಯ್ತಿಯವರು. ಪತ್ರಕ್ಕೆ ಸಹಿ ಹಾಕಬೇಕಾದವರು ಮತ್ತೆ ಅದೇ ವಾರ್ಷಿಕೋತ್ಸವದ ಮಾತು ಹೇಳಿದರು. ಗುಬ್ಬಿಯಲ್ಲಿ ಅದು ಭರ್ಜರಿಯಾಗಿ ನಡೆಯಿತು. ಕುರ್ಚಿ, ಕಮಾನು, ಬಾಳೆಕಂದು ಹೊತ್ತು ತಂದದ್ದು ಅಧ್ಯಕ್ಷರ ಟ್ರಾಕ್ಟರೇ. ಪರಂಪರೆ ಉಳಿಸಿ ಎಂದು ಅವರು ಮೈಕಿನಲ್ಲಿ ಗದ್ಗದರಾದಾಗ ಚಪ್ಪಾಳೆ ಬಿತ್ತು. ನಾನು ಎದ್ದು ಹೊರಗೆ ಬಂದೆ.

ಕೊನೆಗೂ ಪತ್ರ ಸಿಕ್ಕಿತು. ಅಚ್ಚನ್ನು ಸುರುಳಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ಶಿವಣ್ಣನೊಂದಿಗೆ ಗೂಳೂರಿನ ಮೇಲೆ ಹೋಗುವ ಬಸ್ಸು ಹಿಡಿದೆ. ಹಟ್ಟಿಯ ಎದುರು ಕಲ್ಲಿರಲಿಲ್ಲ. ಅದು ನಿಂತಿದ್ದ ಜಾಗದಲ್ಲಿ ಹೊಸ ಮೋರಿ.

"ಒಡೆದಾಕ್ಬುಟ್ರು ಕಣವ್ವ. ಅಡ್ಡ ನಿಂತ್ಕೊಂಡೆ, ಎಳೆದು ಪಕ್ಕಕ್ಕಾಕಿದ್ರು" ಎಂದಳು ಕೆಂಪಮ್ಮ. ಅವಳ ಮೊಣಕೈ ತರಚಿತ್ತು.

ಒಡೆದ ಎರಡು ತುಂಡನ್ನು ಪಕ್ಕಪಕ್ಕ ಸೇರಿಸಿ ಮೋರಿಗೆ ಅಡ್ಡಲಾಗಿ, ವೀರ ಆಕಾಶ ನೋಡುವಂತೆ ಹಾಸಿದ್ದರು. ನಾನು ಹಾಳೆಯನ್ನು ಅವುಗಳ ಮೇಲೆ ಹರಡಿದೆ. ಬಲ ಭುಜದಿಂದ ಎಡ ಮಂಡಿ. ಕತ್ತಿಯ ಹಿಡಿಯ ಹತ್ತಿರ ಕುಡುಗೋಲಿನ ಬಾಗು. ಒಡೆದ ಅಂಚು ಗೆರೆಯ ಕೆಳಗೆ ಕೂದಲೆಳೆಯಷ್ಟೂ ಆಚೀಚೆಯಾಗದೆ ಕೂತಿತು. ಮಡಿಕೆ ಎಂದಿದ್ದ ಶಿವಣ್ಣ ಹಾಳೆಯ ಒಂದು ತುದಿ ಹಿಡಿದು ಮೇಲೆತ್ತಿದ. "ಸುತ್ತಿಬುಡಿ ಮೇಡಂ, ನೋಡಕ್ಕಾಯ್ತಿಲ್ಲ" ಅಂದ.

ಕಲ್ಲಿನ ಒಳಗೆ ಮೊದಲೇ ದೋಷವಿದ್ದಿರಬೇಕು, ಪೆಟ್ಟು ಬಿದ್ದಾಗ ಅಲ್ಲೇ ಸೀಳಿತು ಎಂದರು ತಿಳಿದವರೊಬ್ಬರು. ಇರಬಹುದು. ಒಳಗಿನ ದೋಷ ಮೇಲಿನ ಹಾಳೆಗೆ ಹೇಗೆ ಬಂತು, ಸ್ವಾಮಿ, ಎಂದರೆ ಅವರೂ ಟೀ ಕುಡಿದು ಎದ್ದರು.

ಮೊನ್ನೆ ಬಳಗದಿಂದ ಫೋನ್ ಬಂದಿತ್ತು. ವೇದಿಕೆಯ ಹಿಂದೆ ಕಟ್ಟಲು ಆ ಅಚ್ಚು ಬೇಕಂತೆ. ಇತಿಹಾಸ ಬಳಗಕ್ಕೆ ಜನ ಹೇಗೆಲ್ಲ ನೆರವಾಗಬಹುದು ಎಂದು ನಾನೇ ಮಾತಾಡಬೇಕಂತೆ. ಮೈ ಉರಿದುಹೋಯಿತು. ಮೋರಿಯಿಂದ ಆ ಎರಡು ತುಂಡು ಎತ್ತಿಸಿ ತನ್ನಿ, ಆಮೇಲೆ ಬರುತ್ತೇನೆ ಎಂದೆ.

"ಖಂಡಿತ ಮೇಡಂ, ಈ ವಾರ್ಷಿಕೋತ್ಸವ ಒಂದು ಮುಗೀಲಿ" ಅಂದಿತು ಆ ಕಡೆಯ ದನಿ.

ಫೋನ್ ಕುಕ್ಕಿ, ಹಾಳೆಯನ್ನು ಬಿಚ್ಚಿ ನೋಡಿದೆ. ಗೆರೆ ಹಾಗೇ ಇದೆ. ಅದು ಹೇಗೆ ಬಂತೋ ನನಗೆ ಇವತ್ತಿಗೂ ಗೊತ್ತಿಲ್ಲ. ಯಾರು ನೋಡಲೆಂದು ಬಂದಿತ್ತೋ ಅವರು ಇನ್ನೂ ನೋಡಿಲ್ಲ.