ಹಜರತಬೀಯ ಹೊಟ್ಟಿನ ಒಲೆ

ಬೆಂಕಿಯ ವಿಷಯದಲ್ಲಿ ಕಾರಟಗಿಯ ಹಜರತಬೀಗೆ ಯಾರ ಹಂಗೂ ಇರಲಿಲ್ಲ. ಆಕೆ ಒಲೆ ಹೊತ್ತಿಸಿದರೆ ದೂರದ ಹೇಮಗುಡ್ಡದ ಗುಡಿಯ ದುರ್ಗವ್ವ ಅಲ್ಲಿಂದಲೇ ಅಂಗೈ ಚಾಚಿ ಚಳಿ ಕಾಯಿಸಿಕೊಳ್ಳುತ್ತಿದ್ದಳು. ನಂಬದವರು ಆಕೆಯ ಚಹಾ ಕುಡಿದವರಲ್ಲ, ಅಷ್ಟೇ.

ಅಕ್ಕಿ ಮಿಲ್ಲಿನ ಗೇಟಿನ ಪಕ್ಕ ಆಕೆಯ ಚಹಾದಂಗಡಿ. ಉರುವಲು ಮಿಲ್ಲಿನ ಬತ್ತದ ಹೊಟ್ಟು. ತಗಡಿನ ಒಲೆಯ ನಡುವೆ ಒಂದು ಕೋಲು ನೆಟ್ಟಗೆ ನಿಲ್ಲಿಸಿ, ಬುಡದ ಬಾಯಿಂದ ಇನ್ನೊಂದನ್ನು ಅಡ್ಡ ತೂರಿಸಿ, ಸುತ್ತಲೂ ಹೊಟ್ಟನ್ನು ಒತ್ತಿ ತುಂಬಬೇಕು. ಆಮೇಲೆ ಎರಡೂ ಕೋಲು ಎಳೆದರೆ ಗಾಳಿಗೆ ದಾರಿ. ಕೆಳಗೆ ಗಾಳಿ ಹೊಕ್ಕಿತೆಂದರೆ ಉರಿ ಗುಂಯ್ ಎಂದು ಮೇಲೇಳುತ್ತಿತ್ತು. ಆ ಚಹಾಕ್ಕೆ ಒಂದಿಷ್ಟು ಹೊಗೆಯ ವಾಸನೆ. ಈಗ ನೆನೆದರೂ ನನ್ನ ಮೂಗಿಗೆ ಪ್ರಾಯ ಬರುತ್ತದೆ. ಉಳಿದ ಮೈಗೆ ಬಾರದು.

ಆಮೇಲೆ ಸೊಸೆ ಖಾಜಾಬೀ ಗ್ಯಾಸ್ ತಂದಳು. ನೀಲಿ ಉರಿ, ಹೊಗೆಯಿಲ್ಲ, ಸದ್ದಿಲ್ಲ. ಹೊಟ್ಟಿನ ಒಲೆ ಮೂಲೆ ಸೇರಿ ಕೋಳಿಗೆ ಮನೆಯಾಯಿತು.

ಹೋದ ಚಳಿಗಾಲ ಹಮಾಲ ಬಾಲಪ್ಪ ಚೀಲ ಹೊರುವುದು ಬಿಟ್ಟ. "ಕಡೀ ದಿನ ಅಣ್ಣಗ ಹೊಟ್ಟಿನೊಲಿ ಚಾನ ಕುಡಸ್ತೀನಿ," ಎಂದು ಹಜರತಬೀ ಮಿಲ್ಲಿಗೆಲ್ಲ ಸಾರಿದಳು. ಅವನಿಗೆ ಹಾರ ಹಾಕಿ ಬೆಂಚಿನ ಮೇಲೆ ಕೂರಿಸಿದರು. ಆಕೆ ಕೋಳಿಯನ್ನು ಎಬ್ಬಿಸಿ, ಹೊಟ್ಟು ತುಂಬಿ, ನಡುವಿನ ಕೋಲೆಳೆದು, ಉರಿಯುವ ಚಿಂದಿಯನ್ನು ಮೇಲಿಂದ ಇಳಿಬಿಟ್ಟಳು.

ಹೊಗೆ! ಎಂಥ ಹೊಗೆಯೆಂದರೆ, ಕುಷ್ಟಗಿಯಲ್ಲಿ ಮೋಡ ಕವಿಯಿತೆಂದು ಜನ ಒಣಹಾಕಿದ ಬಟ್ಟೆ ತೆಗೆದರು. ಊದಿದಳು, ಬೀಸಿದಳು. ಉರಿ ಮಾತ್ರ ಇಲ್ಲ.

"ಅಮ್ಮಾ, ಗ್ಯಾಸಿನ ಮ್ಯಾಲ ಇಡ್ಲೇನ್ರಿ?" ಎಂದಳು ಖಾಜಾಬೀ.

"ನೀ ಸುಮ್ಕಿರು!" ಹಜರತಬೀಯ ಕಣ್ಣಲ್ಲಿ ನೀರು, ಎಲ್ಲವೂ ಹೊಗೆಯಿಂದ ಬಂದದ್ದಲ್ಲ. "ನನ್ನ ಕೈಗುಣನ ಹೋತು, ಅಣ್ಣಾ."

ಬಾಲಪ್ಪ ಹಾರ ಸರಿಸಿಕೊಂಡು ಎದ್ದ. ಒಲೆಯ ಬಾಯಿ ರಸ್ತೆಯ ಕಡೆಗಿತ್ತು. ಬಗ್ಗಿ ನೋಡಿ ನಕ್ಕ. ಅಡ್ಡಕೋಲು ಅಲ್ಲೇ ಇತ್ತು! ಹೊಟ್ಟಿನ ಒಲೆಯ ಕಾಲದಲ್ಲಿ ದಿನಾ ಎಲ್ಲರಿಗಿಂತ ಮೊದಲು ಬರುತ್ತಿದ್ದವನು ಅವನು. ಬಂದವನೇ ಆ ಕೋಲೆಳೆದು ಕೂರುತ್ತಿದ್ದವನೂ ಅವನೇ. ಆಕೆಗೆ ಅದರ ರೂಢಿಯೇ ಇರಲಿಲ್ಲ. ಇವತ್ತು ಹಾರದ ಸಂಭ್ರಮದಲ್ಲಿ ಅವನೂ ಮರೆತಿದ್ದ.

ಕೋಲೆಳೆದ. ಗಾಳಿ ಒಳಹೊಕ್ಕಿತು. ಅಷ್ಟು ಹೊತ್ತು ಸುಮ್ಮನೆ ಹೋಗುತ್ತಿದ್ದ ಹೊಗೆಗೇ ಬೆಂಕಿ ಹತ್ತಿ, ಗುಂಯ್!

"ನೋಡವಾ ತಂಗಿ, ನಾ ಇಲ್ಲಂದ್ರ ನಿನ್ನ ಒಲಿ ಉಸುರಾಡಂಗಿಲ್ಲ," ಎಂದು ಬಾಲಪ್ಪ ಮೀಸೆ ತಿರುವಿದ.

ಹಜರತಬೀ ಮೂಗೊರೆಸಿಕೊಂಡು ಚಹಾ ಚಾಚಿದಳು. "ಚೀಲ ಹೊರೂದು ಬಿಟ್ಟೀಯಪಾ, ಕೋಲು ಎಳಿಯೂದು ಬಿಡು ಅಂತ ಯಾರು ಹೇಳ್ಯಾರ? ನಾಳೆ ಹೊತ್ತಿಗೆ ಸರಿಯಾಗಿ ಬಾ."