ಎಡಗಡೆಯ ರಾಡು

ದೆವ್ವ, ಶಕುನ, ಕನಸಿನಲ್ಲಿ ಬಂದು ಹೇಳಿದರು ಎನ್ನುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೇ. ವಿಜಯನಗರದ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತಳಾದವಳು ನಾನು. ಇಂಥ ಕಥೆ ಹೊತ್ತು ಬಂದವರಿಗೆ ಕಾಫಿ ಕೊಟ್ಟು ಮಾತು ಬದಲಿಸುತ್ತಿದ್ದೆ. ಈಗ ನಾನೇ ಹೇಳಲು ಕೂತಿದ್ದೇನೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ನಮ್ಮ ಯಜಮಾನರಿಗೆ ಹಳೆಯ ಆಟಿಕೆ ರೈಲುಗಳ ಹುಚ್ಚು. ಕೀಲಿ ಕೊಟ್ಟರೆ ಓಡುವ ಎಂಜಿನ್ನುಗಳನ್ನು ಬಿಚ್ಚಿ ಬಸವೇಶ್ವರನಗರದ ಮನೆಯ ಊಟದ ಮೇಜಿನ ತುಂಬ ಹರಡುತ್ತಿದ್ದರು. ನಾನೂ ಅತ್ತೆಯೂ ತಟ್ಟೆ ಹಿಡಿದು ಸೋಫಾದ ಮೇಲೆ ಉಣ್ಣಬೇಕು. ಕೊನೆಗೆ ಕೈ ಹಚ್ಚಿದ್ದು ಚಿಕ್ಕಂದಿನಲ್ಲಿ ಅವರಪ್ಪ ತಂದುಕೊಟ್ಟಿದ್ದ ಎಂಜಿನ್ನಿಗೆ. ಚಕ್ರಗಳನ್ನು ಜೋಡಿಸುವ ಹಿತ್ತಾಳೆ ರಾಡುಗಳು ಎರಡೂ ಕಡೆಯವು ಒಂದೇ ಥರ ಕಾಣುತ್ತವೆ. ಒಮ್ಮೆ ಅದಲು ಬದಲು ಹಾಕಿದ್ದಕ್ಕೆ ಎಂಜಿನ್ನು ಕುಂಟಿತು. ಆಮೇಲೆ ಎಡಗಡೆಯದಕ್ಕೆ ಅರದಿಂದ ಗುರುತು ಮಾಡಲು ಹೋಗಿ, ಕೈ ಜಾರಿ ಉದ್ದಕ್ಕೆ ಸೊಟ್ಟ ಗೀರು ಎಳೆದರು. ಅತ್ತೆ ಅದನ್ನೇ ಎಷ್ಟೋ ದಿನ ಆಡಿಕೊಂಡರು. "ಅಳತೆ ನೋಡಿ ಮೋಸ ಹೋಗ್ಬೇಡ ಕಣೇ, ತೂತು ನೋಡು. ಚಕ್ರದ ಮೊಳೆ ಹೇಗೆ ಸವೆದಿರುತ್ತೋ ತೂತೂ ಹಾಗೇ ಸವೆದಿರುತ್ತೆ" ಎಂದು ಇವರು ನನಗೆ ಪಾಠ ಹೇಳುತ್ತಿದ್ದರು.

ಆ ರಾಡನ್ನು ಕೂರಿಸುವಾಗಲೇ ಅವರು ಕುಸಿದರು. ಆಸ್ಪತ್ರೆ ತಲುಪುವಷ್ಟರಲ್ಲಿ ಮುಗಿದಿತ್ತು. ವಿದ್ಯುತ್ ಚಿತಾಗಾರದಲ್ಲಿ ಯಾರಿಗೂ ಹೇಳದೆ ರಾಡನ್ನು ಅವರ ಅಂಗೈಯಲ್ಲಿಟ್ಟು ಬೆರಳು ಮಡಚಿದೆ. ಬಾಗಿಲು ಮುಚ್ಚುವವರೆಗೂ ಆ ಕೈಯನ್ನೇ ನೋಡುತ್ತಿದ್ದೆ.

ವರ್ಷ ಕಳೆದ ಮೇಲೆ ಅತ್ತೆ, "ಅವನ ರೈಲು ಒಂದ್ಸಲ ಓಡೋದು ನೋಡಿ ಕಣ್ಮುಚ್ತೀನಮ್ಮಾ" ಎಂದರು. ಆಕೆಗೆ ಉಳಿದಿದ್ದ ಆಸೆ ಅದೊಂದೇ. ಬಿಚ್ಚಿಟ್ಟಿದ್ದ ಎಡಗಡೆಯ ಚಕ್ರಗಳನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಬದಲಿ ರಾಡು ಹುಡುಕಲು ಸುಂಕದಕಟ್ಟೆಯ ಒಂದು ಗುಜರಿ ಅಂಗಡಿಗೆ ಹೋದೆ. ಅಂಗಡಿಯವರು ಬಿಡಿಭಾಗಗಳ ಡಬ್ಬಿ ಮುಂದಿಟ್ಟು, "ನೋಡ್ಕೊಳ್ಳಿ ಆಂಟಿ" ಎಂದರು. ಅಳತೆಗೆ ಸರಿಯಾದ ರಾಡುಗಳು ಸಿಕ್ಕವು, ಮೊಳೆಗೆ ಹಾಕಿದರೆ ಲೊಡಲೊಡ ಅಲ್ಲಾಡಿದವು. ತಳದಲ್ಲಿದ್ದ ಒಂದು ಮಾತ್ರ ಸದ್ದಿಲ್ಲದೆ ಕೂತಿತು. ತಿರುಗಿಸಿ ನೋಡಿದೆ. ಸೊಟ್ಟ ಗೀರು ಇತ್ತು.

ಇದು ಎಲ್ಲಿಂದ ಬಂತೆಂದು ಅಂಗಡಿಯವರನ್ನು ಕೇಳಿದೆ. ಆ ಡಬ್ಬಿ ಅಂಗಡಿಯವರ ತಂದೆಯ ಕಾಲದ್ದಂತೆ, ಅದಕ್ಕೆ ಹೊಸದೇನೂ ಸೇರಿಲ್ಲವಂತೆ. ಚಿತಾಗಾರದಲ್ಲಿ ಯಾರೋ ತೆಗೆದು ಮಾರಿರಬೇಕು ಎನ್ನುತ್ತೀರಿ. ನಾನೂ ಹಾಗೆಂದುಕೊಳ್ಳಲು ಬಹಳ ಪ್ರಯತ್ನಪಟ್ಟೆ. ಬೆಂಕಿಯೊಳಗಿಂದ ತೆಗೆದದ್ದಾದರೆ ಸುಟ್ಟ ಕಲೆಯಾದರೂ ಇರಬೇಕಿತ್ತಲ್ಲ?

ಮನೆಗೆ ಬಂದು ಅತ್ತೆಯ ಕೈಗೆ ಕೊಟ್ಟೆ. ಕಣ್ಣು ಮಂಜಾಗಿದ್ದ ಆಕೆ ಹೆಬ್ಬೆರಳಿನಿಂದ ಸವರಿ, "ಅವನದ್ದೇ ಇದು. ಎಲ್ಲಿತ್ತು?" ಎಂದರು. ಚಿತಾಗಾರದಲ್ಲಿ ಇವರ ಕೈಯಲ್ಲಿಟ್ಟು ಕಳಿಸಿದ್ದೆ ಎಂದು ಮೊದಲ ಸಲ ಬಾಯಿಬಿಟ್ಟೆ. ಅತ್ತೆ ರಾಡನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡರು.

"ಹಾಗಾದ್ರೆ ನೀನು ಕೂರಿಸ್ಬೇಡ," ಎಂದರು. "ಅವನೇ ಬಂದು ಕೂರಿಸ್ಲಿ."

ಎಂಜಿನ್ನು ಇನ್ನೂ ಓಡಿಲ್ಲ. ರಾಡು ಹೇಗೆ ಬಂತೆಂದು ಇವತ್ತಿಗೂ ನನಗೆ ತಿಳಿಯದು. ಅವರು ಬರುವುದಿಲ್ಲ ಎಂದು ಚೆನ್ನಾಗಿ ತಿಳಿದಿದೆ. ಆದರೂ ಗೇಟು ಸದ್ದಾದರೆ ನಾವಿಬ್ಬರೂ ತಲೆಯೆತ್ತುತ್ತೇವೆ, ಆಮೇಲೆ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ.